ಹಸಿರು ಬಾವುಟದ ಮೇಸ್ತ್ರಿ

ಇಪ್ಪತ್ತಾರು ವರ್ಷ ಸೈನ್ಯದ ಲಾರಿಗಳ ಜೊತೆ ಓಡಾಡಿದ ನಮ್ಮ ಮೇಸ್ತ್ರಿ ಯಾವ ಊರನ್ನೂ ಒಂದು ದಿನವಾದರೂ ಮೊದಲು ತಲುಪಿದವರಲ್ಲ. ಲಾರಿಗಳ ಸಾಲು ಹೊರಟಾಗ ಮುಂದಿನ ಗಾಡಿಗೆ ನೀಲಿ ಬಾವುಟ ಕಟ್ಟುತ್ತಾರೆ, ಕೊನೆಯ ಗಾಡಿಗೆ ಹಸಿರು ಬಾವುಟ. ಆ ಕೊನೆಯ ಗಾಡಿ ನಮ್ಮದು. ಅದರ ಬೆನ್ನ ಮೇಲೆ ಕ್ರೇನು, ಹೊಟ್ಟೆಯಲ್ಲಿ ಸರಪಳಿ, ಹಗ್ಗ, ಜಾಕು, ಮೂರು ಪೆಟ್ಟಿಗೆ ಸ್ಪ್ಯಾನರು. ಸ್ಟೀರಿಂಗ್ ಹಿಡಿಯುವವನು ನಾನು, ಪಕ್ಕದಲ್ಲಿ ಮೇಸ್ತ್ರಿ. ಮುಂದಿನ ಯಾವ ಲಾರಿ ಕೆಟ್ಟು ನಿಂತರೂ ಉಳಿದವು ಅದನ್ನು ಬಳಸಿಕೊಂಡು ಹೋಗಿಬಿಡುತ್ತವೆ. ನಾವು ಮಾತ್ರ ಹೋಗುವ ಹಾಗಿಲ್ಲ. ರಿಪೇರಿ ಮಾಡಬೇಕು, ಆಗದಿದ್ದರೆ ಎಳೆದುಕೊಂಡು ಹೋಗಬೇಕು. ಹಸಿರು ಬಾವುಟದ ಹಿಂದೆ ನಮ್ಮ ಗಾಡಿ ಒಂದೂ ಉಳಿಯಬಾರದು. ಗೇಟು ಕಾಯುವವರು, ಸೇತುವೆ ಕಾಯುವವರು ಎಲ್ಲರೂ ಆ ಬಾವುಟದ ದಾರಿಯನ್ನೇ ನೋಡುತ್ತಿರುತ್ತಾರೆ. ಅದು ದಾಟಿತೆಂದರೆ ಸಾಲು ಮುಗಿಯಿತೆಂದು ಗೇಟು ಹಾಕಿಕೊಳ್ಳುತ್ತಾರೆ.

ಇಂಥ ಕೆಲಸಕ್ಕೆ ನಿಧಾನಸ್ಥರು ಬೇಕು. ನಮ್ಮ ಮೇಸ್ತ್ರಿಯೋ ಕೂತಲ್ಲಿ ಕೂರುವ ಜಾಯಮಾನದವರಲ್ಲ. ಗಾಡಿ ಓಡುತ್ತಿದ್ದರೆ ಅವರ ಬಲಗಾಲು ತನ್ನ ಕಡೆ ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಿತ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಮುಂದೆ ಇಣುಕುವುದು, ಒಳಗೆ ಬಂದು ಗಡಿಯಾರ ನೋಡುವುದು, ಮತ್ತೆ ಇಣುಕುವುದು.

"ಸ್ವಲ್ಪ ಒತ್ತೋ. ಇದೇನು ಮೆರವಣಿಗೆ ಹೊರಟಿದ್ದೀಯಾ?"

"ಮುಂದಿನ ಗಾಡಿ ತಲೆ ಮೇಲೆ ಹತ್ತಿಸ್ಲಾ ಮೇಸ್ತ್ರಿ?" ಎಂದು ನಾನೂ ಸುಮ್ಮನೆ ಬಿಡುತ್ತಿರಲಿಲ್ಲ. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವನಿಗೆ ಅಷ್ಟು ಸಲಿಗೆ ಇತ್ತು. ನನ್ನ ಬಾಯಿ ಮೊದಲಿನಿಂದಲೂ ಅಷ್ಟು ಒಳ್ಳೆಯದಲ್ಲ.

ಆದರೆ ಸ್ಪ್ಯಾನರ್ ಕೈಗೆ ಬಂತೆಂದರೆ ಆ ಮನುಷ್ಯನೇ ಬೇರೆ. ಹೊರಡುವ ದಿನ ಬೆಳಿಗ್ಗೆ ಅವರು ಒಂದೊಂದು ಲಾರಿಯ ಕೆಳಗೂ ನುಗ್ಗುತ್ತಿದ್ದರು. ಡೀಸೆಲ್ ಫಿಲ್ಟರಿನ ತಳದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ, ಕೆಳಗೆ ಬೀಳುವುದನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಮಳೆಗಾಲದಲ್ಲಿ ಪೀಪಾಯಿಯ ಡೀಸೆಲಿಗೆ ನೀರು ಸೇರಿರುತ್ತದೆ. ನೀರು ಭಾರ, ಫಿಲ್ಟರಿನ ತಳಕ್ಕೆ ಇಳಿದು ಕೂತಿರುತ್ತದೆ. ಬೆಳಿಗ್ಗೆ ಬಸಿದುಬಿಟ್ಟರೆ ಎರಡು ನಿಮಿಷದ ಕೆಲಸ. ಬಿಟ್ಟರೆ ಅದು ಪಂಪಿಗೆ ಹೋಗುತ್ತದೆ, ಪಂಪು ಹಿಡಿದುಕೊಂಡಿತೆಂದರೆ ರಸ್ತೆಯಲ್ಲಿ ಯಾರಪ್ಪ ಬಂದರೂ ಗಾಡಿ ಏಳುವುದಿಲ್ಲ. ಅಂಗೈಯಲ್ಲಿ ಬರೀ ಡೀಸೆಲ್ ಕಂಡ ಮೇಲೆ ಮೇಸ್ತ್ರಿ ಸ್ಕ್ರೂ ಬಿಗಿದು, ಡ್ರೈವರಿನ ಬಾಗಿಲ ಒಳಮೈಗೆ, ಮಳೆ ತಾಗದ ಕಡೆ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತಿದ್ದರು. ಆ ಗೀಟು ಕಂಡರೆ ಡ್ರೈವರುಗಳು ಕಣ್ಣು ಮುಚ್ಚಿಕೊಂಡು ಗಾಡಿ ಎಬ್ಬಿಸುತ್ತಿದ್ದರು. ಸಾಹೇಬರ ಸಹಿಗಿಂತ ನಮಗೆ ಆ ಗೀಟಿನ ಮೇಲೆ ನಂಬಿಕೆ.

ಮನೆಗೂ ಅವರು ಕೊನೆಯ ಗಾಡಿಯಲ್ಲೇ ಬರುತ್ತಿದ್ದರು. ಮಗಳು ಹುಟ್ಟಿ ನಾಲ್ಕು ದಿನವಾದ ಮೇಲೆ ಮುಖ ನೋಡಿದರು. ಸ್ಕೂಲಿನಲ್ಲಿ ಅವಳಿಗೆ ಬಹುಮಾನ ಕೊಟ್ಟ ದಿನ ಇವರು ಗೇಟಿನೊಳಗೆ ಕಾಲಿಟ್ಟಾಗ ಕುರ್ಚಿಗಳನ್ನು ಮಡಿಸಿ ಒಂದರ ಮೇಲೊಂದು ಇಡುತ್ತಿದ್ದರಂತೆ. ಯಾರಾದರೂ "ಎಲ್ಲಿ ನಿಮ್ಮ ಯಜಮಾನ್ರು?" ಎಂದು ಕೇಳಿದರೆ ಅತ್ತಿಗೆ, ಅಂದರೆ ಮೇಸ್ತ್ರಿಯ ಹೆಂಡತಿ, ಕೈಯಲ್ಲಿದ್ದ ಕೆಲಸ ಬಿಡದೆ "ಹಿಂದೆ ಬರ್ತಿದ್ದಾರೆ" ಎನ್ನುತ್ತಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಅದೊಂದು ತಮಾಷೆಯೇ ಆಗಿಹೋಗಿತ್ತು. ಯಾರ ಮನೆಯಲ್ಲಿ ಯಾವುದು ತಡವಾದರೂ, ನೀರು ಬರುವುದು ತಡವಾದರೂ, "ಹಿಂದೆ ಬರ್ತಿದೆ" ಎಂದು ನಗುತ್ತಿದ್ದರು. ಮಗಳು ಮಾತ್ರ ನಗುತ್ತಿರಲಿಲ್ಲ.

ಆದರೂ ಬಾವುಟ ಹೊಲಿದವಳು ಅವಳೇ. ಅವಳಿಗೆ ಹನ್ನೊಂದು ವರ್ಷವಾಗಿದ್ದಾಗ ಹಳೆಯ ಬಾವುಟ ಗಾಳಿಗೆ ಹರಿದು ಚಿಂದಿಯಾಯಿತು. ಸ್ಟೋರಿನವರು ಇವತ್ತು ನಾಳೆ ಎಂದು ಆರು ತಿಂಗಳು ಸತಾಯಿಸಿದರು. ಒಂದು ಭಾನುವಾರ ಅವಳು ಅಡುಗೆಮನೆ ಕಿಟಕಿಯ ಹಸಿರು ಪರದೆಯನ್ನು ಅಮ್ಮನಿಗೆ ಹೇಳದೆ ಕತ್ತರಿಸಿ, ಕೆಂಪು ದಾರದಲ್ಲಿ ಅಂಚು ಹೊಲಿದು ಕೊಟ್ಟಳು. ಮೂಲೆಯಲ್ಲಿ ಪರದೆಯ ಬಿಳಿ ಹೂವು ಒಂದೂವರೆ ಹಾಗೆಯೇ ಉಳಿದುಕೊಂಡಿತ್ತು. ಅತ್ತಿಗೆ ಬೈದರು. ಮೇಸ್ತ್ರಿ ಅದನ್ನೇ ಕಟ್ಟಿದರು. ಆಮೇಲೆ ಸ್ಟೋರಿನಿಂದ ಹೊಸದು ಬಂದಾಗ ಅದನ್ನು ಮಡಿಸಿ ಸೀಟಿನ ಕೆಳಗೆ ಹಾಕಿದರು. ಇದು ನಿಯಮಕ್ಕೆ ವಿರುದ್ಧ, ಆದರೆ ಹೂವನ್ನು ಹತ್ತಿರ ಬಂದು ನೋಡುವಷ್ಟು ಪುರುಸೊತ್ತು ಯಾವ ಸಾಹೇಬರಿಗೂ ಇರಲಿಲ್ಲ.

ಆ ಮಗಳು ಬೆಳೆದು ನರ್ಸ್ ಆಗಿ, ನದಿಯ ಆಚೆಯ ಪಟ್ಟಣದ ಆಸ್ಪತ್ರೆಯಲ್ಲಿ, ಆಗತಾನೇ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದಳು. ಮೂರನೆಯ ವರ್ಷ ನದಿ ದಡ ಮೀರಿತು. ಎರಡೇ ದಿನದಲ್ಲಿ ಪಟ್ಟಣದ ಬೀದಿಗಳಲ್ಲಿ ಎದೆಮಟ್ಟ ನೀರು, ಹಳೆಯ ಸೇತುವೆ ಮಧ್ಯಕ್ಕೆ ಮುರಿದುಬಿತ್ತು. ಜಿಲ್ಲೆಯ ಅಧಿಕಾರಿಗಳು ಸೈನ್ಯದ ಲಾರಿಗಳನ್ನು ಕೇಳಿದರು. ದೋಣಿ, ಕುಡಿಯುವ ನೀರು, ಔಷಧಿ, ಟಾರ್ಪಾಲು, ಆಸ್ಪತ್ರೆಗೆ ಒಂದು ದೊಡ್ಡ ಜನರೇಟರು, ಎಲ್ಲ ಸೇರಿ ಇಪ್ಪತ್ತೆರಡು ಗಾಡಿಯ ಸಾಲು. ಹೊರಡುವ ಹಿಂದಿನ ಸಂಜೆ ಶೆಡ್ಡಿನಲ್ಲಿ ನಾವು ಟೈರಿಗೆ ಗಾಳಿ ತುಂಬುತ್ತಿದ್ದಾಗ ಮೇಸ್ತ್ರಿಯ ಫೋನು ಬಡಿದುಕೊಂಡಿತು. ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಅವರು ಸ್ಪೀಕರ್ ಹಾಕಿದರು, ಹಾಗಾಗಿ ನನಗೂ ಕೇಳಿಸಿತು.

"ಅಪ್ಪ, ಕೆಳಗಡೆ ಪೂರ್ತಿ ನೀರು. ಮಕ್ಕಳನ್ನೆಲ್ಲ ಎರಡನೇ ಮಹಡಿಗೆ ತಂದಿದ್ದೀವಿ. ಮೂರು ಮಕ್ಕಳು ಉಸಿರಾಟದ ಮೆಷಿನ್‌ನಲ್ಲಿವೆ. ಕರೆಂಟಿಲ್ಲ. ಚಿಕ್ಕ ಜನರೇಟರ್ ಓಡ್ತಿದೆ, ಡೀಸೆಲ್ ನಾಳೆ ಮಧ್ಯಾಹ್ನದವರೆಗೂ ಬಂದ್ರೆ ಪುಣ್ಯ."

"ದೊಡ್ಡದು ತರ್ತಿದ್ದೀವಿ ಕಣಮ್ಮ. ಬೆಳಿಗ್ಗೆನೇ ಹೊರಡ್ತೀವಿ."

"ನೀನು ಬರ್ತೀಯಾ?"

"ಬರ್ದೆ ಇರ್ತೀನಾ?"

"ಈ ಸಲ ಆದ್ರೂ ಮುಂದಿನ ಗಾಡೀಲಿ ಬಾ ಅಪ್ಪ. ಎಲ್ಲ ಮುಗಿದ್ಮೇಲೆ ಬರಬೇಡ."

ಅಷ್ಟಕ್ಕೆ ಲೈನು ಸತ್ತಿತು. ಮೇಸ್ತ್ರಿ ಸತ್ತ ಫೋನಿಗೇ "ಮುಂದೆ ಬರ್ತೀನಿ" ಎಂದರು. ಮತ್ತೆ ಎಷ್ಟು ಸಲ ಒತ್ತಿದರೂ ಆ ಕಡೆ ಗಂಟೆ ಹೊಡೆಯಲಿಲ್ಲ.

ಬೆಳಿಗ್ಗೆ ಐದೂವರೆಗೆ ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಸಣ್ಣ ಮಳೆ. ಮೇಸ್ತ್ರಿ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು. ಒಂದು ಗಾಡಿಯ ಕೆಳಗೆ ನುಗ್ಗುವುದು, ಎದ್ದು ಸಾಹೇಬರ ಆಫೀಸಿನ ಬಾಗಿಲು ನೋಡುವುದು, ಮತ್ತೆ ನುಗ್ಗುವುದು. ಹದಿನೇಳನೆಯ ಗಾಡಿಯ ಹತ್ತಿರ ಅವರು ಮೊಣಕಾಲೂರಿದ್ದಾಗ ಸಾಹೇಬರು ಹೊರಗೆ ಬಂದು ಜೀಪಿನ ಕಡೆ ಹೊರಟರು. ಮೇಸ್ತ್ರಿ ತಟ್ಟನೆ ಎದ್ದು, ಬಾಗಿಲು ತೆಗೆದು ಗೀಟು ಎಳೆದು, ಕೆಸರು ಹಾರಿಸುತ್ತಾ ಓಡಿದರು. ನಾನು ನಮ್ಮ ಗಾಡಿಯ ಮೆಟ್ಟಿಲ ಮೇಲೆ ನಿಂತು ಅದನ್ನು ಕಣ್ಣಾರೆ ನೋಡಿದೆ. ನೋಡಿದ್ದು ಏನೆಂದು ಆಗ ನನ್ನ ಮಂಡೆಗೆ ಹೊಳೆಯಲಿಲ್ಲ.

"ಇವತ್ತೊಂದು ದಿನ ನನ್ನನ್ನ ನೀಲಿ ಬಾವುಟದ ಗಾಡೀಲಿ ಕಳಿಸಿ ಸಾರ್" ಎಂದು ಮೇಸ್ತ್ರಿ ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ಅವರು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಗಳ ವಿಷಯವನ್ನೂ ಹೇಳಿದರು.

ಸಾಹೇಬರು ಕೆಟ್ಟವರಲ್ಲ. ಅದೇ ನನಗೆ ಸಿಟ್ಟು, ಕೆಟ್ಟವರಾಗಿದ್ದರೆ ಬೈಯಬಹುದಿತ್ತು. "ನಿಮ್ಮ ಮಗಳಿಗೋಸ್ಕರನೇ ಹೇಳ್ತೀನಿ ಕೇಳಿ. ಆ ಮಕ್ಕಳಿಗೆ ಬೇಕಾಗಿರೋ ಜನರೇಟರ್ ಹದಿನೇಳರಲ್ಲಿದೆ. ಅದು ದಾರೀಲಿ ನಿಂತ್ರೆ ಎಬ್ಬಿಸೋರು ಯಾರು? ನೀವು ಅದರ ಹಿಂದೆ ಇರ್ಬೇಕು, ಮುಂದೆ ಅಲ್ಲ."

ಮೇಸ್ತ್ರಿ ಬಂದು ನನ್ನ ಪಕ್ಕ ಕೂತರು. ಬಾಗಿಲು ಹಾಕಿದ ಸದ್ದಿಗೆ ಗಾಡಿಯೇ ಅಲುಗಿತು. ಹಸಿರು ಬಾವುಟ ಕಟ್ಟುವುದನ್ನೂ ಮರೆತಿದ್ದರು, ನಾನೇ ಇಳಿದು ಕಟ್ಟಿದೆ.

ಆ ದಾರಿ ನನಗೆ ಈಗಲೂ ಗುಂಡಿಗುಂಡಿಯಾಗಿ ನೆನಪಿದೆ. ಒಣ ದಿನದಲ್ಲಿ ಮೂರು ಗಂಟೆಯ ದಾರಿ. ಅವತ್ತು ಆಳೆತ್ತರದ ಗುಂಡಿ, ಬಿದ್ದ ಮರ, ಎದುರಿಗೆ ದನ, ಮಂಚ, ಮುದುಕರನ್ನು ಹೇರಿಕೊಂಡು ಬರುತ್ತಿದ್ದ ಟ್ರ್ಯಾಕ್ಟರುಗಳು. ಒಂಬತ್ತನೆಯ ಗಾಡಿಯ ಟೈರು ಸಿಡಿಯಿತು. ಮೇಸ್ತ್ರಿ ಹನ್ನೊಂದು ನಿಮಿಷದಲ್ಲಿ ಬದಲಾಯಿಸಿ, ಕೈ ಒರೆಸಿಕೊಳ್ಳದೆ ಬಂದು ಹತ್ತಿದರು. ಹದಿಮೂರನೆಯದರ ಫ್ಯಾನ್ ಬೆಲ್ಟು ಹರಿಯಿತು. ಅದೂ ಆಯಿತು. ಒಂದೊಂದು ಸಲ ಇಳಿದು ಹತ್ತಿದಾಗಲೂ ಮುಂದಿನ ಸಾಲು ಕಣ್ಣಿಗೆ ಕಾಣದಷ್ಟು ದೂರ ಹೋಗಿರುತ್ತಿತ್ತು. ಅವರು ಗಡಿಯಾರ ನೋಡುವುದು, ನಾನು ಹಲ್ಲು ಕಚ್ಚುವುದು. ಗಳಿಗೆಗೊಮ್ಮೆ "ಚಿಕ್ಕ ಜನರೇಟರ್ ಎಷ್ಟು ಕುಡಿಯುತ್ತೆ ಗಂಟೆಗೆ?" ಎಂದು ಕೇಳುತ್ತಿದ್ದರು. ನನಗೇನು ಗೊತ್ತು? "ಎರಡು ಲೀಟರ್" ಎಂದೆ ಬಾಯಿಗೆ ಬಂದದ್ದನ್ನು. ಅದನ್ನೇ ಹಿಡಿದುಕೊಂಡು ಬೆರಳಲ್ಲಿ ಲೆಕ್ಕ ಹಾಕಿದರು. ಮತ್ತೆ ಕೇಳಿದಾಗ ರೇಗಿಬಿಟ್ಟೆ. "ಮೇಸ್ತ್ರಿ, ನೀವು ಹೀಗೆ ಕುಣಿದ್ರೆ ಗಾಡಿ ಮುಂದೆ ಹೋಗಲ್ಲ, ಸೀಟು ಕಿತ್ಕೊಂಡು ಬರುತ್ತೆ ಅಷ್ಟೇ." ಅವರು ಮೊದಲಿನಿಂದ ಬೆರಳು ಮಡಚತೊಡಗಿದರು. ಅಂದಮೇಲೆ ಒಳಗಿನ ಸಂಕಟ ಎಷ್ಟಿರಬೇಕೆಂದು ಹೊಳೆದು ನನಗೇ ನಾಚಿಕೆಯಾಯಿತು.

ಹನ್ನೆರಡೂವರೆಗೆ, ಸೇತುವೆಗೆ ಇನ್ನು ಐದಾರು ಕಿಲೋಮೀಟರು ಇರುವಾಗ, ರಸ್ತೆಯ ಎಡಕ್ಕೆ ಒಂದು ಲಾರಿ ಒರಗಿ ನಿಂತಿತ್ತು. ಪಕ್ಕದಲ್ಲಿ ಅದರ ಡ್ರೈವರು ಎರಡೂ ಕೈ ಬೀಸುತ್ತಿದ್ದ. ನಾವು ಅವನನ್ನು ಮಾತಿನ ಮಲ್ಲ ಎಂದು ಕರೆಯುತ್ತಿದ್ದೆವು. ಬಾಯಿಗೆ ಬ್ರೇಕಿಲ್ಲದ ಆಸಾಮಿ. ಹದಿನೇಳು.

"ಕೆಮ್ಮಿತು ಮೇಸ್ತ್ರಿ. ಮೊದಲು ಕೆಮ್ಮಿತು, ಆಮೇಲೆ ಎಳೀಲೇ ಇಲ್ಲ, ಆಮೇಲೆ ಪೂರ್ತಿ ಆಫ್. ನಾನೇನೂ ಮಾಡಿಲ್ಲ. ಬೆಳಿಗ್ಗೆ ನೀವೇ ನೋಡಿದ್ರಲ್ಲ, ಗೀಟಿದೆಯಲ್ಲ, ಅದಕ್ಕೇ ನಾನು ಧೈರ್ಯವಾಗಿ..."

ಮೇಸ್ತ್ರಿ ಬಾಗಿಲು ತೆರೆದರು. ಒಳಮೈಯಲ್ಲಿ ಸೀಮೆಸುಣ್ಣದ ಗೀಟು ಬೆಳ್ಳಗೆ ಇತ್ತು. ಅವರು ಅದನ್ನೇ ನೋಡುತ್ತಾ ನಿಂತುಬಿಟ್ಟರು. ಬೆಳಿಗ್ಗೆ ನಾನು ನೋಡಿದ್ದು ಏನೆಂದು ಆಗ ನನಗೆ ಹೊಳೆಯಿತು. ಅವರು ಕೆಳಗೆ ನುಗ್ಗಿ ಸ್ಕ್ರೂ ಬಿಚ್ಚಿ ಅಂಗೈ ಒಡ್ಡಿದರು. ಅಂಗೈ ತುಂಬಿ ಬೆರಳ ಸಂದಿಯಿಂದ ಹರಿದದ್ದು ಬರೀ ನೀರು.

ನೀರೆಲ್ಲ ಬಸಿದರು. ಡೀಸೆಲ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದರು. ಕೈಪಂಪು ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಯಿತು. ಮಲ್ಲ ಹತ್ತು ಸಲ ಕೀ ತಿರುಗಿಸಿದ. ಇಂಜಿನ್ನು ನರಳಿತೇ ಹೊರತು ಹಿಡಿಯಲಿಲ್ಲ. ಮೇಸ್ತ್ರಿ ಕೊನೆಗೆ ಪಂಪಿನ ಮೇಲೆ ಕೈಯಿಟ್ಟು, "ಒಳಗೆ ಹಿಡ್ಕೊಂಡಿದೆ. ಶೆಡ್ಡಿಗೇ ಹೋಗ್ಬೇಕು" ಎಂದರು. ನನ್ನ ಕಡೆ ತಿರುಗಿ, ಮಲ್ಲನಿಗೂ ಕೇಳಿಸುವ ಹಾಗೆಯೇ, "ಈ ಗೀಟು ಸುಳ್ಳು ಕಣೋ. ಸ್ಕ್ರೂ ಮುಟ್ಟೇ ಇರ್ಲಿಲ್ಲ ನಾನು. ಮುಂದಿನ ಗಾಡಿ ಹತ್ತೋ ಆತುರ" ಎಂದರು.

ನಾನು ಗೀಟನ್ನು ಅಳಿಸಿಬಿಡೋಣವೆಂದು ತೋಳು ಎತ್ತಿದೆ. ಮೇಸ್ತ್ರಿ ನನ್ನ ಕೈ ಹಿಡಿದು ಕೆಳಗಿಳಿಸಿದರು.

ಹದಿನೇಳನ್ನು ಕೊಕ್ಕೆಗೆ ಹಾಕಿ, ಜನರೇಟರ್ ನಡೆಸುವ ಆಪರೇಟರನ್ನೂ ಮಲ್ಲನನ್ನೂ ನಮ್ಮ ಕ್ಯಾಬಿನ್ನಿಗೇ ಹತ್ತಿಸಿಕೊಂಡು, ಆಮೆಯ ಹಾಗೆ ಎಳೆದುಕೊಂಡು ಸೇತುವೆ ಮುಟ್ಟಿದಾಗ ಎರಡೂ ಕಾಲು. ಮುರಿದ ಸೇತುವೆಯ ಪಕ್ಕ ನಮ್ಮವರೇ ದೋಣಿಗಳ ಮೇಲೆ ಹಲಗೆ ಹಾಸಿ ತೇಲುಸೇತುವೆ ಕಟ್ಟಿದ್ದರು. ಉಳಿದ ಗಾಡಿಗಳೆಲ್ಲ ದಾಟಿಯಾಗಿತ್ತು. ಟಾರ್ಪಾಲು ತುಂಬಿದ ಇಪ್ಪತ್ತೊಂದನೆಯದು ಮಾತ್ರ ಈಚೆ ದಡದಲ್ಲಿ ಇಂಜಿನ್ ಎಬ್ಬಿಸಿ ತನ್ನ ಸರದಿಗೆ ನಿಂತಿತ್ತು. ಸೇತುವೆಯ ಸಾಹೇಬರು ನಮ್ಮ ಕ್ರೇನನ್ನು ಕಂಡು ದೂರದಿಂದಲೇ ಕೈ ಅಡ್ಡ ಹಿಡಿದರು.

"ನೀವು ಹತ್ತೋ ಹಾಗಿಲ್ಲ. ನೀರು ಏರಿದೆ, ಲಂಗರು ಜಗ್ತಿದೆ. ಈಗ ಹತ್ತು ಟನ್ನಿನ ಮೇಲೆ ಬಿಡಲ್ಲ. ನಿಮ್ಮ ಗಾಡಿ ಒಂದೇ ಹದಿನೆಂಟು ಇದೆ. ಮೂರೂವರೆಗೆ ಸೇತುವೆ ಬಿಚ್ಚಿ ಆಚೆ ದಡಕ್ಕೆ ಎಳ್ಕೋತೀನಿ. ಇಲ್ದಿದ್ರೆ ನದಿನೇ ತಗೊಂಡು ಹೋಗುತ್ತೆ, ನಾಳೆ ಬರೋ ಗಾಡಿಗಳಿಗೆ ಏನೂ ಇರಲ್ಲ."

ಮೇಸ್ತ್ರಿ ನದಿಯನ್ನು ನೋಡಿದರು. ಆಚೆ ದಡ ಇನ್ನೂರು ಹೆಜ್ಜೆ ಇದ್ದಿರಬೇಕು. ಅಲ್ಲಿಂದ ಆಸ್ಪತ್ರೆಗೆ ನೀರಿನೊಳಗೆ ಒಂದೂವರೆ ಗಂಟೆಯ ದಾರಿ. ಅವರು ನೋಡಿದ್ದು ಅರೆಕ್ಷಣ. ಆಮೇಲೆ ಇಪ್ಪತ್ತೊಂದರ ಕಡೆ ಓಡಿದರು.

"ಟಾರ್ಪಾಲು ಇಳಿಸ್ರೋ! ಪೂರ್ತಿ! ರಸ್ತೆಗೇ ಎಸೀರಿ!"

ಸೇತುವೆಯ ಕೆಲಸದವರೂ ಬಂದು ಸೇರಿಕೊಂಡರು. ಟಾರ್ಪಾಲಿನ ಕಟ್ಟುಗಳು ಕೆಸರಿಗೆ ದೊಪದೊಪ ಬಿದ್ದವು. ಮೂರು ಟನ್ನಿನ ಜನರೇಟರನ್ನು ಹದಿನೇಳರ ಬೆನ್ನಿಂದ ಎತ್ತಿ ಇಪ್ಪತ್ತೊಂದರ ಬೆನ್ನಿಗೆ ಇಡಬೇಕು, ಅದೂ ಜಾರುವ ನೆಲದಲ್ಲಿ. ಸ್ಟೀರಿಂಗಿನಲ್ಲಿ ನಾನು, ಕ್ರೇನಿನ ಹಿಡಿಗಳಲ್ಲಿ ಮೇಸ್ತ್ರಿ. ನಾನು ಒಂದು ಗೇಣು ಹಿಂದೆ ಸರಿಸಿದರೆ ಅವರು ಒಂದು ಗೇಣು ಎತ್ತಬೇಕು. ಹನ್ನೊಂದು ವರ್ಷದ ಅಭ್ಯಾಸ, ನಮ್ಮಿಬ್ಬರ ನಡುವೆ ಮಾತು ಬೇಕಾಗಲಿಲ್ಲ. ಜನರೇಟರು ಗಾಳಿಯಲ್ಲಿ ಒಮ್ಮೆ ಗಿರ್ರನೆ ತಿರುಗಿತು, ಮೇಸ್ತ್ರಿ ಹಿಡಿ ಬಿಡದೆ ಅದು ನಿಲ್ಲುವವರೆಗೆ ಕಾದರು. ಮೂರೂ ಹತ್ತಕ್ಕೆ ಅದು ಇಪ್ಪತ್ತೊಂದರ ಹಲಗೆಯ ಮೇಲೆ ಕೂತಿತು. ಆಪರೇಟರು ಅದನ್ನು ಹಗ್ಗದಿಂದ ಬಿಗಿದು ಮುಂದೆ ಬಂದು ಕೂತ. ಅವನ ಪಕ್ಕ ಇನ್ನೊಬ್ಬರಿಗೆ ಜಾಗವಿತ್ತು.

"ಮೇಸ್ತ್ರಿ, ಹತ್ಕೊಳ್ಳಿ" ಎಂದರು ಸೇತುವೆಯ ಸಾಹೇಬರು. ಮಗಳ ವಿಷಯ ಮಲ್ಲ ಅಷ್ಟರಲ್ಲಿ ಅವರ ಕಿವಿಗೂ ಹಾಕಿದ್ದ.

ಮೇಸ್ತ್ರಿ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟರು. ನಾನು ದೇವರಾಣೆಗೂ ಸಂತೋಷಪಟ್ಟೆ. ಹೋಗಲಿ, ಒಂದು ಸಲವಾದರೂ ಹೋಗಲಿ. ಅವರು ತಿರುಗಿ ನಮ್ಮನ್ನು ನೋಡಿದರು. ನಮ್ಮ ಹಿಂದೆ ನಾವು ಬಂದ ರಸ್ತೆಯ ತಗ್ಗಿನಲ್ಲಿ ಆಗಲೇ ನೀರು ಮಿನುಗುತ್ತಿತ್ತು. ಸಂಜೆಯೊಳಗೆ ಈ ದಡವೂ ಮುಳುಗುತ್ತದೆ. ಸತ್ತ ಹದಿನೇಳನ್ನು ಮತ್ತೆ ಕೊಕ್ಕೆಗೆ ಹಾಕಿ ಹಿಂದಿನ ದಿಬ್ಬದ ಸ್ಕೂಲಿನ ತನಕ ಎಳೆಯಬೇಕು. ಅದಕ್ಕೆ ಇಬ್ಬರು ಬೇಕು, ಒಬ್ಬ ಸ್ಟೀರಿಂಗಿಗೆ, ಒಬ್ಬ ಕ್ರೇನಿಗೆ.

"ಹೋಗಿ ಮೇಸ್ತ್ರಿ. ನಾನು ನೋಡ್ಕೊಳ್ತೀನಿ" ಎಂದೆ.

"ಕ್ರೇನು ಯಾರು ಹಿಡೀತಾರೆ?"

"ಮಲ್ಲ ಹಿಡೀತಾನೆ."

ನಾನು, ಮೇಸ್ತ್ರಿ, ಸೇತುವೆಯ ಸಾಹೇಬರು ಮೂವರೂ ಮಲ್ಲನನ್ನು ನೋಡಿದೆವು. ಜನ್ಮದಲ್ಲಿ ಕ್ರೇನಿನ ಹಿಡಿ ಮುಟ್ಟದವನು. ಪಾಪ, ಅವನು ತಲೆಯಾಡಿಸುವುದಕ್ಕೆ ಪ್ರಯತ್ನವನ್ನಂತೂ ಮಾಡಿದ.

ಮೇಸ್ತ್ರಿ ಮೆಟ್ಟಿಲಿಂದ ಕಾಲು ತೆಗೆದರು. "ಗೀಟು ಎಳೆದೋನು ನಾನು" ಎಂದರು, ಅಷ್ಟೇ. ನಮ್ಮ ಗಾಡಿಯ ಹತ್ತಿರ ಹೋಗಿ ಹಸಿರು ಬಾವುಟ ಬಿಚ್ಚಿಕೊಂಡು ಬಂದು ಇಪ್ಪತ್ತೊಂದರ ಕಂಬಿಗೆ ಕಟ್ಟಿದರು. ಗಂಟು ಮೂರು ಸಲ ತಪ್ಪಿತು. ಬಾವುಟ ದಾಟದೆ ಸೇತುವೆ ಬಿಚ್ಚುವ ಹಾಗಿಲ್ಲವಲ್ಲ. ನಾವು ಮೂವರು, ಎರಡು ಗಾಡಿ ಈಚೆ ಉಳಿದಿದ್ದೂ ಬಾವುಟ ಆಚೆ ಹೋದದ್ದು ಅದೊಂದೇ ಸಲ.

ಲಾರಿ ತೇಲುಸೇತುವೆಯ ಮೇಲೆ ಹೋಗುವಾಗ ದೋಣಿಗಳು ಒಂದೊಂದಾಗಿ ಕೆಳಗೆ ಕುಗ್ಗಿ ಮೇಲೆದ್ದವು. ಆಚೆ ದಡ ಹತ್ತಿತು. ಕೂಡಲೇ ಹಲಗೆ ಬಿಚ್ಚುವ ಸದ್ದು ಶುರುವಾಯಿತು. ಮೇಸ್ತ್ರಿ ನಿಂತು ನೋಡಲಿಲ್ಲ. ಸರಪಳಿ ಎತ್ತಿಕೊಂಡು ಹದಿನೇಳರ ಕಡೆ ನಡೆದರು. ಅಳುತ್ತಿದ್ದರು. ನಾನೂ ಅತ್ತೆ, ಅದರಲ್ಲಿ ಮುಚ್ಚುಮರೆ ಏನು?

ದಿಬ್ಬದ ಸ್ಕೂಲಿನಲ್ಲಿ ಆಗಲೇ ನಾಲ್ಕೈದು ಮನೆಯವರು ಸೇರಿದ್ದರು. ಗಾಡಿ ನಿಲ್ಲಿಸಿ ನಾನು ವೈರ್‌ಲೆಸ್ ಮುಂದೆ ಕೂತೆ. ಮೇಸ್ತ್ರಿ ಕೂರಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆದರು. ಮಲ್ಲ ಎಲ್ಲಿಂದಲೋ ಟೀ ತಂದುಕೊಟ್ಟ. ಲೋಟ ಕೈಯಲ್ಲೇ ಆರಿತು. ಐದೂ ಇಪ್ಪತ್ತಕ್ಕೆ ವೈರ್‌ಲೆಸ್ ಕರಕರ ಎಂದಿತು. ಆಗಲೇ ಆಸ್ಪತ್ರೆ ತಲುಪಿದ್ದ ನಮ್ಮ ಸಾಹೇಬರ ದನಿ.

"ಜನರೇಟರ್ ಐದೂ ಹತ್ತಕ್ಕೆ ಸ್ಟಾರ್ಟ್ ಆಯ್ತು. ಮೂರು ಮಕ್ಕಳೂ ಜೀವಂತವಾಗಿವೆ. ಕೇಳಿಸ್ತಾ?"

ಮೇಸ್ತ್ರಿ ಅಲ್ಲೇ ಜಗಲಿಯ ಮೇಲೆ ಕೂತರು.

"ಇನ್ನೊಂದು. ಇಲ್ಲೊಬ್ಬ ನರ್ಸಮ್ಮ ಬಂದು ಬಾವುಟ ಹಿಡ್ಕೊಂಡು ನಿಂತಿದ್ದಾರೆ. ಲಾರಿ ಸುತ್ತ ಎರಡು ಸಲ ಸುತ್ತಿದ್ರು. ಬಾವುಟ ಬಂದಿದೆ, ಅಪ್ಪ ಎಲ್ಲಿ ಅಂತ ಕೇಳ್ತಿದ್ದಾರೆ. ಏನು ಹೇಳ್ಲಿ?"

ನಾನು ಮೈಕನ್ನು ಮೇಸ್ತ್ರಿಗೆ ಕೊಟ್ಟೆ.

"ಹಿಂದೆ ಬರ್ತಿದ್ದಾರೆ ಅಂತ ಹೇಳಿ ಸಾರ್" ಎಂದರು. ಆಮೇಲೆ ಎಲ್ಲ ಗಾಡಿಗಳಿಗೂ ಕೇಳಿಸುವ ಆ ವೈರ್‌ಲೆಸ್ಸಿನಲ್ಲೇ, "ಹದಿನೇಳರ ಗೀಟು ನಾನು ನೋಡದೆ ಎಳೆದದ್ದು ಸಾರ್. ಡ್ರೈವರ್ ತಪ್ಪಿಲ್ಲ. ಬರ್ಕೊಳ್ಳಿ" ಎಂದರು.

ನದಿ ಇಳಿದು ತೇಲುಸೇತುವೆ ಮತ್ತೆ ಸರಿಹೋಗಲು ನಾಲ್ಕು ದಿನ ಹಿಡಿಯಿತು. ಆವತ್ತೂ ಎಲ್ಲ ಗಾಡಿ ದಾಟಿದ ಮೇಲೆಯೇ ನಮ್ಮನ್ನು ಬಿಟ್ಟರು, ಭಾರದ ಗಾಡಿ ಕೊನೆಗೆ ಎಂದು. ಮೇಸ್ತ್ರಿ ಆ ನಾಲ್ಕು ದಿನ ಮಲಗಿದ್ದನ್ನು ನಾನು ನೋಡಲಿಲ್ಲ. ಪಟ್ಟಣದ ಬೀದಿಗಳಲ್ಲಿ ಜನ ಚಾಪೆ, ಪುಸ್ತಕ, ಹಾಸಿಗೆ ಎಲ್ಲ ಗೋಡೆಯ ಮೇಲೆ ಒಣಗಹಾಕಿದ್ದರು. ಆಸ್ಪತ್ರೆಯ ತಿರುವಿಗೆ ಬಂದಾಗ ಅವರು ನನ್ನ ತೋಳು ಹಿಡಿದರು. ಎರಡನೆಯ ಮಹಡಿಯ ಒಂದು ಕಿಟಕಿಗೆ ಹಸಿರು ಬಟ್ಟೆ ಕಟ್ಟಿತ್ತು. ಇಷ್ಟು ದೂರದಿಂದ ಹೂವು ಕಾಣುವುದಿಲ್ಲ, ಆದರೂ ನಮಗೆ ಕಂಡಿತು.

ಅವಳು ಮೆಟ್ಟಿಲ ಮೇಲೆಯೇ ಎದುರಾದಳು. ಕಣ್ಣ ಸುತ್ತ ಕಪ್ಪು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು.

"ಕೈಗೇನಾಯ್ತಮ್ಮ?" ಎಂದೆ ನಾನು. ಮೇಸ್ತ್ರಿಗೆ ಕೇಳುವ ಧೈರ್ಯವಿರಲಿಲ್ಲ.

"ಮುಂದೆ ಬಂದ ಲಾರಿಯವರು ಡೀಸೆಲ್ ಕೊಟ್ರು, ಆದ್ರೂ ಮೂರು ಗಂಟೆಗೆ ಚಿಕ್ಕ ಜನರೇಟರ್ ಕಾದು ನಿಂತೋಯ್ತು ಚಿಕ್ಕಪ್ಪ. ಮೆಷಿನ್ ನಿಂತ್ಮೇಲೆ ಕೈಯಲ್ಲೇ ಬಲೂನ್ ಒತ್ತಿ ಉಸಿರು ಕೊಡ್ಬೇಕು. ಮೂರು ಮಕ್ಕಳು, ನಾವು ಮೂರು ಜನ. ನಿಮಿಷಕ್ಕೆ ನಲವತ್ತು ಸಲ. ಬಿಡೋ ಹಾಗಿಲ್ಲ, ಕೈ ಬದಲಾಯಿಸೋ ಹಾಗೂ ಇಲ್ಲ."

"ಆ ಎರಡು ಗಂಟೆ ನನ್ನಿಂದ ಕಣಮ್ಮ" ಎಂದರು ಮೇಸ್ತ್ರಿ. ಗೀಟಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಒಂದಕ್ಷರ ಬಿಡದೆ, ತಲೆ ತಗ್ಗಿಸಿ ಹೇಳಿದರು. ಮುಂದಿನ ಗಾಡಿ ಕೇಳಲು ಓಡಿದ್ದನ್ನೂ ಹೇಳಿದರು. ಇಪ್ಪತ್ತೊಂದರ ಮೆಟ್ಟಿಲಿಂದ ಕಾಲು ತೆಗೆದದ್ದನ್ನು ಮಾತ್ರ ಹೇಳಲಿಲ್ಲ. ನಾನು ಹೇಳಲು ಬಾಯಿ ತೆರೆದಾಗ ಕಣ್ಣಲ್ಲೇ ಗದರಿದರು. ಅವರ ಗದರಿಕೆಗೆ ಹೆದರುವವನು ನಾನಲ್ಲ, ಅದನ್ನೂ ಹೇಳಿದೆ.

ಅವಳು ಅಪ್ಪನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ಒಳಗೆಲ್ಲೋ ಒಂದು ಮಗು ಅತ್ತಿತು. ಅವಳು ಆ ಕಡೆ ಕಿವಿಗೊಟ್ಟು, ಅದು ಸುಮ್ಮನಾದ ಮೇಲೆ ಮೆಟ್ಟಿಲು ಹತ್ತಿ ಹೋದಳು. ಹೋದವಳು ಬಾವುಟ ಬಿಚ್ಚಿಕೊಂಡು ಬಂದಳು. ಒಂದು ಅಂಚು ಬಿಚ್ಚಿಹೋಗಿ ಕೆಂಪು ದಾರ ಜೋತಾಡುತ್ತಿತ್ತು. ಮೇಸ್ತ್ರಿ ಕೈ ಚಾಚಿದರು. ಅವಳು ಕೊಡಲಿಲ್ಲ.

"ಇದನ್ನ ಹೊಲೀಬೇಕು. ಈ ಕೈ ವಾಸಿ ಆಗ್ಲಿ, ಹೊಲಿದು ಕೊಡ್ತೀನಿ. ಅಲ್ಲಿವರೆಗೂ ಕಾಯ್ತೀಯಾ?"

"ಕಾಯ್ತೀನಿ" ಎಂದರು ನಮ್ಮ ಮೇಸ್ತ್ರಿ. ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತರು. ಅವರ ಬಲಗಾಲು ಅಲುಗುತ್ತಿರಲಿಲ್ಲ.